ಎಂಜಿನ್ ಆಯಿಲ್: ಎಲ್ಲ ವಾಹನಗಳಿಗೂ ಒಂದೇ ಬ್ಯಾರಲ್ ಸಲ್ಲದು

ಸಣ್ಣ ಕೈಗಾರಿಕಾ ಘಟಕಗಳಲ್ಲಿಯೂ ಸಗಟು ವ್ಯಾಪಾರದ ಮಳಿಗೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಒಂದು ಪದ್ಧತಿಯಿದೆ. 210 ಲೀಟರಿನ ಒಂದು ಬ್ಯಾರಲ್ ಎಂಜಿನ್ ಆಯಿಲನ್ನು ಸಗಟು ದರದಲ್ಲಿ ಕೊಂಡು ಗೋದಾಮಿನಲ್ಲಿ ಇರಿಸಲಾಗುತ್ತದೆ. ಅದು ಸಾಮಾನ್ಯವಾಗಿ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಗ್ರೇಡಿನದಾಗಿರುತ್ತದೆ. ಡೀಸೆಲ್ ಜನರೇಟರ್, ಸರಕು ಸಾಗಿಸುವ ಪಿಕಪ್, ಮಾಲೀಕರ ಪೆಟ್ರೋಲ್ ಕಾರು, ವಸೂಲಿಗೆ ಹೋಗುವ ನೌಕರರ ಬೈಕು, ಹೀಗೆ ಎಲ್ಲಕ್ಕೂ ಅದೇ ಬ್ಯಾರಲ್ಲಿನಿಂದಲೇ ಆಯಿಲ್ ತುಂಬಲಾಗುತ್ತದೆ. ಬಿಡಿ ಡಬ್ಬಿಗಳ ದರಕ್ಕೆ ಹೋಲಿಸಿದರೆ ಲೀಟರೊಂದಕ್ಕೆ ಉಳಿಯುವ ಹಣ ಕಣ್ಣಿಗೆ ಕಾಣುತ್ತದೆ. ಆದರೆ ಎಂಜಿನ್ನಿನ ಒಳಗೆ ಆಗುವ ನಷ್ಟ ಯಾವ ಖಾತೆಯಲ್ಲಿಯೂ ದಾಖಲಾಗುವುದಿಲ್ಲ.

ಈ ಪದ್ಧತಿ ಹುಟ್ಟಿದ ಕಾಲದಲ್ಲಿ ಅದರಿಂದ ಹೆಚ್ಚಿನ ಹಾನಿ ಇರಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ದೇಶದ ರಸ್ತೆಗಳಲ್ಲಿ ಓಡುತ್ತಿದ್ದ ಬಹುಪಾಲು ವಾಹನಗಳಿಗೆ 20ಡಬ್ಲ್ಯೂ-40, 20ಡಬ್ಲ್ಯೂ-50, 15ಡಬ್ಲ್ಯೂ-40 ಗ್ರೇಡುಗಳೇ ಸೂಚಿತವಾಗಿದ್ದವು. ಇಂದಿನ ಪೆಟ್ರೋಲ್ ಕಾರುಗಳ ಕೈಪಿಡಿಗಳನ್ನು ತೆರೆದು ನೋಡಿದರೆ 5ಡಬ್ಲ್ಯೂ-30, 0ಡಬ್ಲ್ಯೂ-20, ಕೆಲವೆಡೆ 0ಡಬ್ಲ್ಯೂ-16 ಎಂಬ ಗ್ರೇಡುಗಳು ಕಾಣಸಿಗುತ್ತವೆ. ಎಂಜಿನ್‌ಗಳು ಬದಲಾಗಿವೆ, ಖರೀದಿಯ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಈ ಹಿನ್ನೆಲೆಯಲ್ಲಿ ಆಯಿಲ್‌ನ ಸ್ನಿಗ್ಧತೆ ಎಂದರೇನು, ಅದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ವಾಹನದ ಮಾಲೀಕರೂ ಆಯಿಲ್ ವರ್ತಕರೂ ಅರಿತಿರುವುದು ಅವಶ್ಯಕ.

ಸ್ನಿಗ್ಧತೆ ಎಂದರೇನು?

ದ್ರವವೊಂದು ಹರಿಯುವಾಗ ಒಳಗಿನಿಂದಲೇ ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಜೇನುತುಪ್ಪ ನಿಧಾನವಾಗಿ ಸುರಿಯುತ್ತದೆ, ನೀರು ಬೇಗ ಸುರಿಯುತ್ತದೆ. ಆಡುಮಾತಿನಲ್ಲಿ ಇದನ್ನೇ ದಪ್ಪ ಆಯಿಲ್, ತೆಳು ಆಯಿಲ್ ಎನ್ನುವುದುಂಟು. ಇದನ್ನು ಅಳೆಯುವ ಮಾನ ಸೆಂಟಿಸ್ಟೋಕ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್.

ಎಂಜಿನ್ ತಿರುಗುತ್ತಿರುವಾಗ ಕ್ರ್ಯಾಂಕ್ ಶಾಫ್ಟ್ ಬೇರಿಂಗಿನ ಲೋಹವನ್ನು ನೇರವಾಗಿ ಮುಟ್ಟುವುದಿಲ್ಲ. ಶಾಫ್ಟಿನ ತಿರುಗುವಿಕೆಯೇ ಆಯಿಲನ್ನು ಕಿರಿದಾದ ಸಂದಿಗೆ ಎಳೆದೊಯ್ದು ಅಲ್ಲಿ ಒತ್ತಡವನ್ನು ಸೃಷ್ಟಿಸುತ್ತದೆ. ಕೆಲವೇ ಮೈಕ್ರಾನ್ ದಪ್ಪದ ಆ ಪದರವೇ ಇಡೀ ಭಾರವನ್ನು ಹೊರುತ್ತದೆ. ಬ್ರಿಟನ್ನಿನ ಬೋಷಾಂಪ್ ಟವರ್ 1883ರಲ್ಲಿ ನಡೆಸಿದ ಪ್ರಯೋಗಗಳಿಂದ ಇದು ಬೆಳಕಿಗೆ ಬಂದಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ನೀಡಿದರು. ಆಯಿಲ್ ಅಗತ್ಯಕ್ಕಿಂತ ತೆಳುವಾದರೆ ಪದರ ಹರಿದು ಲೋಹ ಲೋಹಕ್ಕೆ ತಾಗುತ್ತದೆ. ಅಗತ್ಯಕ್ಕಿಂತ ದಪ್ಪವಾದರೆ ಅದನ್ನು ಕಲಕುವುದಕ್ಕೇ ಶಕ್ತಿ ವ್ಯಯವಾಗಿ ಶಾಖ ಹೆಚ್ಚುತ್ತದೆ. ಆದ್ದರಿಂದ ದಪ್ಪವೇ ಒಳ್ಳೆಯದು ಅಥವಾ ತೆಳುವೇ ಒಳ್ಳೆಯದು ಎಂಬ ಸಾಮಾನ್ಯ ನಿಯಮವಿಲ್ಲ. ಬೇರಿಂಗಿನ ಸಂದಿ, ತಿರುಗುವ ವೇಗ, ಹೊರುವ ಭಾರ ಮತ್ತು ಆಯಿಲ್ ಪಂಪಿನ ಸಾಮರ್ಥ್ಯಗಳಿಗೆ ಅನುಗುಣವಾಗಿ ಎಂಜಿನ್ ತಯಾರಕರೇ ಸ್ನಿಗ್ಧತೆಯನ್ನು ನಿರ್ಧರಿಸಿರುತ್ತಾರೆ.

ಡಬ್ಬಿಯ ಮೇಲಿನ ಅಂಕಿಗಳು

ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ, ಆಯಿಲ್‌ಗಳನ್ನು ಸ್ನಿಗ್ಧತೆಯ ಆಧಾರದ ಮೇಲೆ ಮೊದಲಿಗೆ ವರ್ಗೀಕರಿಸಿದ್ದು 1911ರಲ್ಲಿ. ಅದರ ಈಗಿನ ರೂಪವಾದ ಜೆ300 ಎಂಬ ಮಾನಕವನ್ನೇ ವಿಶ್ವದಾದ್ಯಂತ ಅನುಸರಿಸಲಾಗುತ್ತಿದೆ. 5ಡಬ್ಲ್ಯೂ-30 ಎಂಬ ಗ್ರೇಡಿನಲ್ಲಿ ಎರಡು ಪ್ರತ್ಯೇಕ ಸಂಗತಿಗಳು ಅಡಕವಾಗಿವೆ.

‘ಡಬ್ಲ್ಯೂ’ ಅಕ್ಷರ ‘ವಿಂಟರ್’ ಅಂದರೆ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿರುವ ಅಂಕಿ ಆಯಿಲ್ ತಣ್ಣಗಿರುವಾಗಿನ ಗುಣವನ್ನು ಹೇಳುತ್ತದೆ. 5ಡಬ್ಲ್ಯೂ ಎಂದರೆ ಮೈನಸ್ 5 ಡಿಗ್ರಿ ಎಂದು ಭಾವಿಸುವವರುಂಟು, ಅದು ಸರಿಯಲ್ಲ. ಎಂಜಿನ್ ಸ್ಟಾರ್ಟ್ ಆಗುವ ಸಾಮರ್ಥ್ಯದ ಪರೀಕ್ಷೆಯನ್ನು 0ಡಬ್ಲ್ಯೂ ಆಯಿಲ್‌ಗೆ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂಗೆ ಮೈನಸ್ 30, 10ಡಬ್ಲ್ಯೂಗೆ ಮೈನಸ್ 25, 15ಡಬ್ಲ್ಯೂಗೆ ಮೈನಸ್ 20 ಮತ್ತು 20ಡಬ್ಲ್ಯೂಗೆ ಮೈನಸ್ 15 ಡಿಗ್ರಿಯಲ್ಲಿ ನಡೆಸಲಾಗುತ್ತದೆ.

ಎರಡನೆಯ ಅಂಕಿ 100 ಡಿಗ್ರಿಯಲ್ಲಿ, ಅಂದರೆ ಎಂಜಿನ್ ಚೆನ್ನಾಗಿ ಬಿಸಿಯಾದ ನಂತರದ ಸ್ನಿಗ್ಧತೆಗೆ ಸಂಬಂಧಿಸಿದೆ. ಮಾನಕದ ಪ್ರಕಾರ 20ರ ಗ್ರೇಡು 6.9ರಿಂದ 9.3, 30ರ ಗ್ರೇಡು 9.3ರಿಂದ 12.5, 40ರ ಗ್ರೇಡು 12.5ರಿಂದ 16.3, 50ರ ಗ್ರೇಡು 16.3ರಿಂದ 21.9 ಸೆಂಟಿಸ್ಟೋಕ್‌ಗಳ ಮಿತಿಯೊಳಗಿರಬೇಕು. ಇನ್ನೂ ತೆಳುವಾದ 16ರ ಗ್ರೇಡನ್ನು 2013ರಲ್ಲಿಯೂ 12 ಮತ್ತು 8ರ ಗ್ರೇಡುಗಳನ್ನು 2015ರಲ್ಲಿಯೂ ಸೇರಿಸಲಾಯಿತು.

ಇದರ ಜೊತೆಗೆ ಡಬ್ಬಿಯ ಮೇಲೆ ಕಾಣದ ಮತ್ತೊಂದು ಅಳತೆಯಿದೆ. ಆಯಿಲ್ 150 ಡಿಗ್ರಿಯಷ್ಟು ಬಿಸಿಯಾಗಿ, ಬೇರಿಂಗಿನ ಸಂದಿಯಲ್ಲಿ ತೀವ್ರವಾದ ಎಳೆತಕ್ಕೆ ಒಳಗಾದಾಗ ಎಷ್ಟು ಸ್ನಿಗ್ಧತೆಯನ್ನು ಉಳಿಸಿಕೊಳ್ಳುತ್ತದೆ ಎಂಬುದೇ ಆ ಅಳತೆ. 20ರ ಗ್ರೇಡಿಗೆ ಇದರ ಕನಿಷ್ಠ ಮಿತಿ 2.6, 30ರ ಗ್ರೇಡಿಗೆ 2.9, 15ಡಬ್ಲ್ಯೂ-40ಕ್ಕೆ 3.7 ಮಿಲಿಪಾಸ್ಕಲ್ ಸೆಕೆಂಡ್. ಬೇರಿಂಗಿನ ರಕ್ಷಣೆಯ ದೃಷ್ಟಿಯಿಂದ ತಜ್ಞರು ಹೆಚ್ಚಿನ ಮಹತ್ವ ನೀಡುವುದು ಈ ಅಳತೆಗೆ.

ಹಿಮ ಬೀಳದ ನಾಡಿಗೆ 0ಡಬ್ಲ್ಯೂ ಏಕೆ?

ಕರ್ನಾಟಕದಲ್ಲಿ ಮೈನಸ್ ಡಿಗ್ರಿಯ ಚಳಿಯಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ, ಅದು 1884ರ ಜನವರಿಯ ಮಾತು. ಹೀಗಿರುವಾಗ 0ಡಬ್ಲ್ಯೂ ಆಯಿಲ್ ವಿದೇಶಗಳಿಗಷ್ಟೇ ಸರಿ, ಇಲ್ಲಿಗೆ ಬೇಕಿಲ್ಲ ಎಂಬ ವಾದ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಕಲಬುರಗಿ, ರಾಯಚೂರಿನಂತಹ ಬಿಸಿಲಿನ ಊರುಗಳಲ್ಲಿ ದಪ್ಪ ಆಯಿಲೇ ಬೇಕು ಎಂಬುದು ಅದರ ಮುಂದುವರಿದ ಭಾಗ. ಎರಡನ್ನೂ ಪರಿಶೀಲಿಸಬೇಕಾಗಿದೆ.

ಮೊದಲನೆಯದಾಗಿ, ಎಂಜಿನ್ನಿನ ಪಾಲಿಗೆ 20 ಡಿಗ್ರಿಯ ಮುಂಜಾನೆಯೂ ತಣ್ಣಗಿನ ಸ್ಥಿತಿಯೇ. 40 ಡಿಗ್ರಿಯಲ್ಲಿ ಸಾಮಾನ್ಯ 20ಡಬ್ಲ್ಯೂ-50 ಆಯಿಲ್‌ನ ಸ್ನಿಗ್ಧತೆ ಸುಮಾರು 160 ಸೆಂಟಿಸ್ಟೋಕ್ ಇದ್ದರೆ 0ಡಬ್ಲ್ಯೂ-20 ಆಯಿಲ್‌ನದು ಸುಮಾರು 45ರ ಆಸುಪಾಸಿನಲ್ಲಿರುತ್ತದೆ. ಉಷ್ಣಾಂಶ ಇಳಿದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲ್ ಸಂಪಿನಿಂದ ಮೇಲೇರಿ ಕ್ಯಾಮ್ ಶಾಫ್ಟ್ ತಲುಪುವವರೆಗಿನ ಕ್ಷಣಗಳು ಎಂಜಿನ್ನಿನ ಸವೆತದ ದೃಷ್ಟಿಯಿಂದ ಬಹಳ ಮುಖ್ಯವಾದವು. ಬೇಗ ಹರಿಯುವ ಆಯಿಲ್ ಆ ಅವಧಿಯನ್ನು ಕಡಿಮೆ ಮಾಡುತ್ತದೆ. ಅಂಗಡಿಯಿಂದ ಅಂಗಡಿಗೆ ನಿಂತು ಹೊರಡುವ ವಿತರಣಾ ವಾಹನಗಳು ದಿನದ ಹೆಚ್ಚಿನ ಹೊತ್ತು ಪೂರ್ಣ ಬಿಸಿಯಾಗದೆಯೇ ಓಡುವುದರಿಂದ ಅವುಗಳಿಗೆ ಈ ಗುಣ ಇನ್ನಷ್ಟು ಅವಶ್ಯಕ.

ಎರಡನೆಯದಾಗಿ, ಹೊರಗಿನ ಬಿಸಿಲು ಎಷ್ಟೇ ಇರಲಿ, ಥರ್ಮೋಸ್ಟಾಟ್ ಮತ್ತು ರೇಡಿಯೇಟರುಗಳು ಎಂಜಿನ್ನಿನ ಉಷ್ಣಾಂಶವನ್ನು ಒಂದು ನಿಶ್ಚಿತ ಮಟ್ಟದಲ್ಲಿ ಕಾಯ್ದುಕೊಳ್ಳುತ್ತವೆ. ಸಾಮಾನ್ಯ ಚಾಲನೆಯಲ್ಲಿ ಸಂಪಿನ ಆಯಿಲ್ 90ರಿಂದ 110 ಡಿಗ್ರಿಯಷ್ಟು ಬಿಸಿಯಿರುತ್ತದೆ. ಆದ್ದರಿಂದ ಮಡಿಕೇರಿಯ ಮಳೆಗೂ ರಾಯಚೂರಿನ ಬೇಸಿಗೆಗೂ ಹೊರಗೆ ಕಾಣುವಷ್ಟು ವ್ಯತ್ಯಾಸ ಆಯಿಲ್‌ನಲ್ಲಿ ಕಾಣುವುದಿಲ್ಲ. ತುಂಬಿದ ಭಾರದೊಡನೆ ಘಟ್ಟ ಏರುವ ವಾಹನದ ಸ್ಥಿತಿ ಬೇರೆ; ಅಲ್ಲಿ ಆಯಿಲ್ ಇನ್ನೂ ಬಿಸಿಯಾಗುತ್ತದೆ. ಅಂತಹ ಬಳಕೆಗೆ ಬೇರೆ ಗ್ರೇಡನ್ನು ತಯಾರಕರು ಒಪ್ಪಿದ್ದರೆ ಅದು ಕೈಪಿಡಿಯ ಕೋಷ್ಟಕದಲ್ಲಿಯೇ ಇರುತ್ತದೆ.

ದಪ್ಪ ಆಯಿಲ್ ಹೆಚ್ಚು ರಕ್ಷಣೆ ನೀಡುವುದೇ?

ದಪ್ಪ ಆಯಿಲ್ ಹಾಕಿದ ಕೂಡಲೇ ಎಂಜಿನ್ನಿನ ಸದ್ದು ಕೊಂಚ ಕಡಿಮೆಯಾಗಬಹುದು, ಆಯಿಲ್ ಒತ್ತಡದ ಮಾಪಕದ ಮುಳ್ಳು ಮೇಲೇರಬಹುದು. ಇವೆರಡನ್ನೂ ಕಂಡು ಎಂಜಿನ್ನಿಗೆ ಹೆಚ್ಚಿನ ರಕ್ಷಣೆ ದೊರೆಯಿತೆಂದು ತಿಳಿಯುವುದು ಸಹಜ. ಆದರೆ ಒತ್ತಡ ಹೆಚ್ಚಿದೆ ಎಂದರೆ ಹರಿವು ಹೆಚ್ಚಿದೆ ಎಂದಲ್ಲ. ಹರಿಯಲು ಅಡ್ಡಿಯಾದುದರಿಂದಲೇ ಒತ್ತಡ ಏರಿರುತ್ತದೆ. ಅದು ಮಿತಿ ಮೀರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದು ಆಯಿಲ್ ಬೇರಿಂಗಿನತ್ತ ಹೋಗದೆ ಹಿಂದಕ್ಕೆ ಮರಳುತ್ತದೆ. ಆಯಿಲ್ ತಣ್ಣಗಿದ್ದು ಬಹಳ ದಪ್ಪವಾಗಿದ್ದರೆ ಫಿಲ್ಟರಿನ ಬೈಪಾಸ್ ವಾಲ್ವ್ ಸಹ ತೆರೆದುಕೊಂಡು ಸೋಸದ ಆಯಿಲೇ ಎಂಜಿನ್ನಿನೊಳಗೆ ಹರಿಯುತ್ತದೆ.

ಹೊಸ ಎಂಜಿನ್‌ಗಳಲ್ಲಿ ಆಯಿಲ್ ಕೇವಲ ಘರ್ಷಣೆ ತಗ್ಗಿಸುವ ವಸ್ತುವಾಗಿ ಉಳಿದಿಲ್ಲ. ವಾಲ್ವ್‌ಗಳು ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರ ಕಾಲುವೆಗಳು ಅತಿ ಕಿರಿದು. ದಪ್ಪ ಆಯಿಲ್ ಅಲ್ಲಿ ತಡವಾಗಿ ಹರಿದರೆ ವ್ಯವಸ್ಥೆಯ ಪ್ರತಿಕ್ರಿಯೆಯೂ ತಡವಾಗುತ್ತದೆ. ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು. ಟರ್ಬೊಚಾರ್ಜರ್ ಇರುವ ವಾಹನಗಳಲ್ಲಿ ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದರ ಬೇರಿಂಗಿಗೆ ಆಯಿಲ್ ತಲುಪುವುದು ಕ್ಷಣಕಾಲ ತಡವಾದರೂ ಹಾನಿ ತಪ್ಪಿದ್ದಲ್ಲ.

ತೆಳು ಆಯಿಲ್ ಎಲ್ಲಿ ಸಲ್ಲದು?

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಎಂಜಿನ್‌ಗಳಿಗೂ ತೆಳು ಆಯಿಲ್ ಶ್ರೇಷ್ಠವೆಂದು ತಿಳಿಯಬಾರದು. 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಎಂದು ಕೈಪಿಡಿಯಲ್ಲಿ ನಮೂದಿಸಿರುವ ಹಳೆಯ ಎಂಜಿನ್ನನ್ನು ಆ ದಪ್ಪಕ್ಕೆ ಹೊಂದುವಂತೆಯೇ ನಿರ್ಮಿಸಲಾಗಿರುತ್ತದೆ. ಮೈಲೇಜಿನ ಆಸೆಯಿಂದ ಅದಕ್ಕೆ 0ಡಬ್ಲ್ಯೂ-20 ತುಂಬಿದರೆ ಬಿಸಿಯಾದಾಗ ಪದರ ತೆಳುವಾಗಿ ಬೇರಿಂಗ್ ಸವೆಯುತ್ತದೆ. ಹಳೆಯ ಸೀಲುಗಳ ಬಳಿ ಸೋರಿಕೆಯೂ ಕಾಣಿಸಿಕೊಳ್ಳಬಹುದು. ಹಳೆಯ ವಿನ್ಯಾಸದ ಡೀಸೆಲ್ ಜನರೇಟರುಗಳಿಗೆ 15ಡಬ್ಲ್ಯೂ-40 ಇಂದಿಗೂ ಯೋಗ್ಯವಾದ ಗ್ರೇಡೇ ಆಗಿದೆ. ಬ್ಯಾರಲ್ಲಿನ ಆಯಿಲ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಅದನ್ನು ಅದರದಲ್ಲದ ಎಂಜಿನ್ನಿಗೆ ಸುರಿಯುವುದು ತಪ್ಪು.

ಹೆಚ್ಚು ಓಡಿದ ಎಂಜಿನ್ ಆಯಿಲ್ ಕುಡಿಯತೊಡಗಿದಾಗ ಒಂದು ಹಂತ ದಪ್ಪದ ಆಯಿಲ್ ಹಾಕುವುದುಂಟು. ಕೈಪಿಡಿಯ ಕೋಷ್ಟಕ ಅನುಮತಿಸಿರುವ ಮಿತಿಯೊಳಗೆ, ಉದಾಹರಣೆಗೆ 5ಡಬ್ಲ್ಯೂ-30ರ ಬದಲು 5ಡಬ್ಲ್ಯೂ-40ಕ್ಕೆ ಹೋಗುವುದರಲ್ಲಿ ದೋಷವಿಲ್ಲ. ಆದರೆ ಅದು ತಾತ್ಕಾಲಿಕ ಉಪಶಮನವೇ ಹೊರತು ಸವೆದ ಪಿಸ್ಟನ್ ರಿಂಗಿಗೆ ಚಿಕಿತ್ಸೆಯಲ್ಲ.

ಗ್ರೇಡ್ ಒಂದೇ ಆದರೂ ಗುಣ ಬೇರೆ

ಸ್ನಿಗ್ಧತೆಯ ಗ್ರೇಡ್ ಆಯಿಲ್‌ನ ದಪ್ಪವನ್ನಷ್ಟೇ ಹೇಳುತ್ತದೆ, ಗುಣಮಟ್ಟವನ್ನು ಹೇಳುವುದಿಲ್ಲ. ಗುಣಮಟ್ಟಕ್ಕೆ ಅಮೆರಿಕದ ಎಪಿಐ ಮತ್ತು ಯುರೋಪಿನ ಎಸಿಇಎ ಸಂಸ್ಥೆಗಳ ವರ್ಗೀಕರಣಗಳಿವೆ. ಎಪಿಐ ಪದ್ಧತಿಯಲ್ಲಿ ಪೆಟ್ರೋಲ್ ಎಂಜಿನ್ ಆಯಿಲ್‌ಗಳು ‘ಎಸ್’ ಅಕ್ಷರದಿಂದಲೂ ಡೀಸೆಲ್ ಆಯಿಲ್‌ಗಳು ‘ಸಿ’ ಅಕ್ಷರದಿಂದಲೂ ಆರಂಭವಾಗುತ್ತವೆ. ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ ಬಂದವು. ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ನೀಡುವ ತೊಂದರೆಯನ್ನು ತಡೆಯುವ ಪರೀಕ್ಷೆ ಎಸ್‌ಪಿ ವರ್ಗದಲ್ಲಿ ಸೇರಿದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನಕದ ನಂತರ ಈ ವಿಷಯ ಇನ್ನಷ್ಟು ಗಂಭೀರವಾಗಿದೆ. ಬಿಎಸ್-6 ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಸಾಮಾನ್ಯವಾಗಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಅದರಲ್ಲಿ ಸೇರಿದ ಮಸಿ ಆಗಾಗ ಉರಿದುಹೋಗುತ್ತದೆ. ಆದರೆ ಆಯಿಲ್‌ನ ಲೋಹಯುಕ್ತ ರಾಸಾಯನಿಕಗಳಿಂದ ಹುಟ್ಟುವ ಬೂದಿ ಉರಿಯುವುದಿಲ್ಲ. ಅಲ್ಲಿಯೇ ಉಳಿದು ಫಿಲ್ಟರನ್ನು ಕಟ್ಟುತ್ತದೆ. ಆದಕಾರಣ ಇವುಗಳಿಗೆ ಕಡಿಮೆ ಬೂದಿಯ ಎಸಿಇಎ ‘ಸಿ’ ವರ್ಗದ ಅಥವಾ 2016ರಲ್ಲಿ ಬಂದ ಎಪಿಐ ಸಿಕೆ-4ರಂತಹ ಆಯಿಲ್‌ಗಳನ್ನು ಸೂಚಿಸಲಾಗುತ್ತದೆ. ಜನರೇಟರಿಗೆಂದು ತಂದ ಹಳೆಯ ವರ್ಗದ 15ಡಬ್ಲ್ಯೂ-40 ಮತ್ತು ಸಿಕೆ-4 ವರ್ಗದ 15ಡಬ್ಲ್ಯೂ-40 ದಪ್ಪದಲ್ಲಿ ಒಂದೇ. ಫಿಲ್ಟರಿನ ಮೇಲಿನ ಪರಿಣಾಮದಲ್ಲಿ ಒಂದೇ ಅಲ್ಲ.

ಬೈಕುಗಳ ವಿಷಯವೂ ಗಮನಾರ್ಹ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್ ಮತ್ತು ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕಾರಿನ ಆಯಿಲ್‌ನಲ್ಲಿರುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿಂದ ಬೈಕಿನ ಕ್ಲಚ್ ಜಾರಬಹುದು. ಅವುಗಳಿಗೆ ಜಪಾನಿನ ಜಾಸೊ ಎಂಎ ಗುರುತಿನ ಆಯಿಲೇ ಬೇಕು.

ಲಾಭನಷ್ಟದ ಲೆಕ್ಕ

ಎಂಜಿನ್ ತಯಾರಕರು ಸೂಚಿಸಿದ ಗ್ರೇಡನ್ನೇ ಬಳಸುವುದರಿಂದ ಇಂಧನದಲ್ಲಿ ಶೇಕಡಾ 1ರಿಂದ 2ರಷ್ಟು ಉಳಿತಾಯ ಸಾಧ್ಯವೆಂದು ಅಮೆರಿಕದ ಇಂಧನ ಇಲಾಖೆ ತಿಳಿಸಿದೆ. 5ಡಬ್ಲ್ಯೂ-30 ಬಳಸಬೇಕಾದ ಎಂಜಿನ್ನಿಗೆ 10ಡಬ್ಲ್ಯೂ-30 ಹಾಕಿದರೂ ಅಷ್ಟು ನಷ್ಟವಾಗಬಹುದೆಂಬುದು ಅದು ಕೊಡುವ ಉದಾಹರಣೆ.

ವರ್ಷಕ್ಕೆ 30,000 ಕಿಲೋಮೀಟರ್ ಓಡುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ವ್ಯಾನನ್ನು ತೆಗೆದುಕೊಳ್ಳಬಹುದು. ಅದಕ್ಕೆ ವರ್ಷಕ್ಕೆ 2,000 ಲೀಟರ್ ಪೆಟ್ರೋಲ್ ಬೇಕು. ಶೇಕಡಾ 1.5ರ ಉಳಿತಾಯ ಎಂದರೆ 30 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ 3,000 ರೂಪಾಯಿ. ಇನ್ನೊಂದೆಡೆ, ಸರಿಯಾದ ಸಿಂಥೆಟಿಕ್ ಆಯಿಲ್‌ಗೆ ಲೀಟರಿಗೆ 250 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ ಎಂದಿಟ್ಟುಕೊಂಡರೆ, ಪ್ರತಿ ಬಾರಿ 3.5 ಲೀಟರಿನಂತೆ ವರ್ಷಕ್ಕೆ ಮೂರು ಬದಲಾವಣೆಗೆ ಆಗುವ ಹೆಚ್ಚುವರಿ ವೆಚ್ಚ 2,625 ರೂಪಾಯಿ. ನಿವ್ವಳ ಉಳಿತಾಯ 375 ರೂಪಾಯಿ ಮಾತ್ರ. ಇದು ದೊಡ್ಡ ಮೊತ್ತವಲ್ಲ. ಆದರೆ ಸರಿಯಾದ ಆಯಿಲ್ ದುಬಾರಿ ಎಂಬ ಆಕ್ಷೇಪಕ್ಕೆ ಈ ಲೆಕ್ಕವೇ ಉತ್ತರ: ಹೆಚ್ಚಿಗೆ ತೆತ್ತ ಬೆಲೆಯನ್ನು ಇಂಧನವೇ ತುಂಬಿಕೊಡುತ್ತದೆ. ಎಂಜಿನ್ನಿನ ಬಾಳಿಕೆ ಅದರ ಮೇಲಿನ ಲಾಭ. ಟರ್ಬೊ ಅಥವಾ ಮಸಿ ಫಿಲ್ಟರ್ ಕೆಟ್ಟರೆ ಹತ್ತಾರು ಸಾವಿರ ರೂಪಾಯಿಗಳ ವೆಚ್ಚ ಬರುತ್ತದೆ. ವಾಹನ ಗ್ಯಾರೇಜಿನಲ್ಲಿ ನಿಂತ ದಿನಗಳ ವಹಿವಾಟಿನ ನಷ್ಟ ಬೇರೆ.

ಬ್ಯಾರಲ್ಲಿನ ಉಳಿತಾಯವನ್ನೂ ಇದೇ ರೀತಿ ತೂಗಿ ನೋಡಬೇಕು. 210 ಲೀಟರ್ ಆಯಿಲ್ ಎಂದರೆ ಸಣ್ಣ ಕಾರಿಗೆ 60 ಬಾರಿ ಬದಲಿಸುವಷ್ಟು. ಎರಡು ಮೂರು ವಾಹನಗಳ ಸಂಸ್ಥೆಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ಮೇಲ್ಭಾಗದಲ್ಲಿ ಮಳೆನೀರು ನಿಲ್ಲುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಒಳಗಿನ ಗಾಳಿ ಆ ನೀರನ್ನು ಮುಚ್ಚಳದ ಸಂದಿಯಿಂದ ಒಳಗೆಳೆದುಕೊಳ್ಳುತ್ತದೆ. ನೀರು ಸೇರಿದ ಆಯಿಲ್ ಯಾವ ಗ್ರೇಡಿನದಾದರೂ ನಿರುಪಯುಕ್ತ.

ವಾರಂಟಿ ಮತ್ತು ವರ್ತಕರ ಹೊಣೆ

ವಾಹನ ತಯಾರಕರ ವಾರಂಟಿ ಷರತ್ತುಗಳಲ್ಲಿ ಸೂಚಿತ ಗ್ರೇಡ್ ಮತ್ತು ಗುಣಮಟ್ಟದ ಆಯಿಲ್ ಬಳಸಬೇಕೆಂಬ ಅಂಶ ಸಾಮಾನ್ಯವಾಗಿ ಇರುತ್ತದೆ. ಎಂಜಿನ್ ಕೆಟ್ಟು ಪರಿಹಾರ ಕೇಳುವಾಗ ಹಾಕಿದ ಆಯಿಲ್ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಬಿಲ್ಲಿನಲ್ಲಿ ‘ಆಯಿಲ್, 4 ಲೀಟರ್’ ಎಂದಷ್ಟೇ ಇದ್ದರೆ ಗ್ರಾಹಕನ ಬಳಿ ಆಧಾರವೇ ಇರುವುದಿಲ್ಲ. ಬ್ರಾಂಡ್, ಗ್ರೇಡ್, ಎಪಿಐ ಅಥವಾ ಎಸಿಇಎ ವರ್ಗ ಮತ್ತು ಬ್ಯಾಚ್ ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆದುಕೊಡುವ ವರ್ತಕನಿಗೆ ಅದರಿಂದ ಯಾವ ವೆಚ್ಚವೂ ಇಲ್ಲ; ಗ್ರಾಹಕನ ವಿಶ್ವಾಸ ಮಾತ್ರ ಉಳಿಯುತ್ತದೆ. ಗ್ರಾಹಕ ‘ಒಳ್ಳೆಯ ದಪ್ಪ ಆಯಿಲ್ ಕೊಡಿ’ ಎಂದು ಕೇಳಿದಾಗ ವಾಹನದ ಮಾದರಿ ಮತ್ತು ವರ್ಷವನ್ನು ವಿಚಾರಿಸುವುದು ವರ್ತಕನ ವೃತ್ತಿಧರ್ಮವೂ ಹೌದು, ವ್ಯಾಪಾರದ ಜಾಣ್ಮೆಯೂ ಹೌದು.

ವ್ಯವಹಾರದಲ್ಲಿ ಪ್ರತಿಯೊಬ್ಬ ಗ್ರಾಹಕನಿಗೂ ಒಂದೇ ಅಳತೆಯ ಸರಕು ಒಪ್ಪುವುದಿಲ್ಲ ಎಂಬುದು ವರ್ತಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಎಂಜಿನ್‌ಗಳ ವಿಷಯದಲ್ಲಿಯೂ ಅದೇ ವಿವೇಕವನ್ನು ಅನ್ವಯಿಸಿ, ಆಯಿಲ್ ಖರೀದಿಸುವ ಮುನ್ನ ಸಂಸ್ಥೆಯಲ್ಲಿರುವ ವಾಹನ ಮತ್ತು ಯಂತ್ರಗಳ ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿಯೊಂದರ ಮುಂದೆ ಅದರ ಗ್ರೇಡನ್ನು ಬರೆದಿಟ್ಟುಕೊಳ್ಳುವುದು ಒಳಿತು.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

• ಕೈಪಿಡಿಯಲ್ಲಿನ ಗ್ರೇಡ್ ಮತ್ತು ಗುಣಮಟ್ಟದ ವರ್ಗ ಎರಡನ್ನೂ ನೋಡಬೇಕು. ಕೈಪಿಡಿ ಕಳೆದುಹೋಗಿದ್ದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬೇಕು. ಹಲವು ಎಂಜಿನ್‌ಗಳಲ್ಲಿ ಆಯಿಲ್ ತುಂಬುವ ಮುಚ್ಚಳದ ಮೇಲೆಯೇ ಗ್ರೇಡ್ ಮುದ್ರಿತವಾಗಿರುತ್ತದೆ.

• ಜನರೇಟರ್, ಬಿಎಸ್-6 ಡೀಸೆಲ್ ವಾಹನ, ಪೆಟ್ರೋಲ್ ಕಾರು ಮತ್ತು ಬೈಕುಗಳ ಆಯಿಲ್‌ಗಳನ್ನು ಪ್ರತ್ಯೇಕವಾಗಿ ಇರಿಸಿ, ಡಬ್ಬಿಗಳ ಮೇಲೆ ವಾಹನದ ಹೆಸರು ಬರೆಯಬೇಕು.

• ಬ್ಯಾರಲನ್ನು ಸೂರಿನಡಿ ಇಡಬೇಕು. ಹೊರಗಿಡುವುದು ಅನಿವಾರ್ಯವಾದರೆ ಅಡ್ಡ ಮಲಗಿಸಿ, ಎರಡೂ ಮುಚ್ಚಳಗಳು ಒಂದೇ ಸಮತಲದಲ್ಲಿ ಬಂದು ಆಯಿಲ್‌ನ ಮಟ್ಟಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಬೇಕು.

• ಸೀಲ್ ಒಡೆಯದ ಡಬ್ಬಿಗಳನ್ನೇ ಕೊಳ್ಳಬೇಕು. ಖಾಲಿಯಾದ ಡಬ್ಬಿಗಳನ್ನು ಕತ್ತರಿಸಿ ಹಾಕಿದರೆ ಅವು ನಕಲಿ ಆಯಿಲ್ ತುಂಬುವವರ ಕೈ ಸೇರುವುದಿಲ್ಲ.

• ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಅದೇ ಗ್ರೇಡ್ ಸಿಗದಿದ್ದರೆ ಬೇರೆ ಗ್ರೇಡಿನ ಎಂಜಿನ್ ಆಯಿಲ್ ಸೇರಿಸಿ ಮುಂದೆ ಹೋಗುವುದು, ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಲೇಸು. ಊರು ತಲುಪಿದ ನಂತರ ಪೂರ್ತಿ ಬದಲಿಸಬೇಕು.

• ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ನಿಯಮಗಳಿಗೆ ಒಳಪಡುತ್ತದೆ. ಅದನ್ನು ಚರಂಡಿಗೆ ಸುರಿಯದೆ ಅಧಿಕೃತ ಮರುಬಳಕೆದಾರರಿಗೆ ನೀಡಬೇಕು.